ಗಡ್ಡದ ತೂತಿಗೆ ಪುಟ್ಟಿ ಹಚ್ಚಿದವನ ಪಾಠಗಳು

ನಾನು ಸಾಗರದವನು. ನಮ್ಮ ಹಿಂದಿನ ಬೀದಿಯಲ್ಲಿ ಗುಡಿಗಾರರ ಮನೆಗಳಿದ್ದವು. ಶಾಲೆಗೆ ಹೋಗುವಾಗ ಬರುವಾಗ ಉಳಿಯ ಟಕಟಕ, ಗಂಧದ ಚಕ್ಕೆಯ ವಾಸನೆ. ಹಾಗಾಗಿ ಮರದ ಕೆತ್ತನೆ ಅಂದರೆ ನನಗೂ ಗೊತ್ತು ಅನ್ನುವ ಹಮ್ಮು ಹೇಗೋ ಬೆಳೆದುಬಿಟ್ಟಿತ್ತು. ಉಳಿ ಹಿಡಿದದ್ದು ಮಾತ್ರ ಒಂದೇ ಸಲ. ಆ ದಿನ ಹೆಬ್ಬೆರಳಿಗೆ ಹೊಲಿಗೆ ಬಿತ್ತು.

2004ರಲ್ಲಿ ಹಡಗು ಕಂಪನಿಯೊಂದರ ಲೆಕ್ಕ ಬರೆಯಲು ಸಿಂಗಪುರಕ್ಕೆ ಬಂದೆ. ಮೂರು ವರ್ಷದ ಮೇಲೆ ಚೈನಾಟೌನಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಗೇಣುದ್ದದ, ಮಸಿ ಮೆತ್ತಿದ ಮರದ ಮೂರ್ತಿ ಕಣ್ಣಿಗೆ ಬಿತ್ತು. ಚೀನೀಯರ ಮನೆದೇವರು. ಬಿಟ್ಟು ಬರಲಾಗಲಿಲ್ಲ. ಈಗ ಮನೆಯಲ್ಲಿ ಇಂಥವು 23 ಇವೆ. ಅವುಗಳಲ್ಲಿ 9ಕ್ಕೆ ನನ್ನ ಕೈಯಿಂದಲೇ ಏನಾದರೊಂದು ಊನ ಆಗಿದೆ. ಇಲ್ಲಿನ ಕನ್ನಡದ ಗೆಳೆಯರು ಆಗಾಗ ಫೋನ್ ಮಾಡಿ, “ಒಂದು ಹಳೇ ಚೀನೀ ದೇವರು ಸಿಕ್ಕಿದೆ, ಏನು ಮಾಡಲಿ?” ಎಂದು ಕೇಳುತ್ತಾರೆ. ಏನು ಮಾಡಬೇಕು ಅಂತ ಹೇಳುವಷ್ಟು ಬಲ್ಲವನು ನಾನಲ್ಲ. ನಾನು ಏನೇನು ಮಾಡಿ ಕೆಡಿಸಿದೆ ಅನ್ನುವುದನ್ನು ಮಾತ್ರ ಹೇಳಬಲ್ಲೆ.

1. ದೇವರಿಗೆ ರೇಟು ಕೇಳಬಾರದು

ಮೊದಲ ದಿನ ಅಂಗಡಿಯಲ್ಲಿ ನಾನು ಕೇಳಿದ್ದು, “ಈ ದೇವರಿಗೆ ಎಷ್ಟು?” ಅಂತ. ಮುದುಕ ಯಜಮಾನ ಮುಖ ತಿರುಗಿಸಿ ಲೆಕ್ಕದ ಪುಸ್ತಕ ಬಿಡಿಸಿಕೊಂಡು ಕೂತ. ವ್ಯಾಪಾರ ಬೇಡವೇನೋ ಅಂದುಕೊಂಡೆ. ಆಮೇಲೆ ತಿಳಿಯಿತು, ಅವರ ಮಾತಿನಲ್ಲಿ ದೇವರನ್ನು ಯಾರೂ ‘ಕೊಳ್ಳುವುದಿಲ್ಲ’, ‘ಆಹ್ವಾನಿಸುತ್ತಾರೆ’. ಮೂರ್ತಿಯನ್ನೂ ಬೊಂಬೆ ಅನ್ನುವುದಿಲ್ಲ, ಇಲ್ಲಿನ ಹೊಕ್ಕಿಯೆನ್ ಮಾತಿನಲ್ಲಿ ಅದು ‘ಕಿಮ್ ಸಿನ್’, ಅಂದರೆ ಚಿನ್ನದ ಮೈ. ಬಳೆ ಒಡೆದರೆ ‘ಹೆಚ್ಚಿತು’ ಅನ್ನಬೇಕು, ದೀಪ ಆರಿಸುವಾಗ ‘ದೊಡ್ಡದು ಮಾಡು’ ಅನ್ನಬೇಕು ಎಂದು ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡು ಬೆಳೆದವನಿಗೆ ಇಷ್ಟು ಹೊಳೆಯಬೇಕಿತ್ತು. ಎರಡನೇ ಸಲ ಹೋದಾಗ, “ಇವರನ್ನು ನಮ್ಮ ಮನೆಗೆ ಕರೆದುಕೊಂಡು ಹೋಗಬಹುದಾ ಅಂಕಲ್?” ಅಂದೆ. ಯಜಮಾನ ನಕ್ಕ. ನಕ್ಕನೆಂದು ಬೆಲೆಯೇನೂ ಇಳಿಯಲಿಲ್ಲ.

2. ಮಸಿ ಕೊಳೆಯಲ್ಲ

ಮನೆಗೆ ತಂದ ಮೂರ್ತಿಯನ್ನು ಸ್ವಚ್ಛ ಮಾಡಬೇಕಲ್ಲ! ಹಬ್ಬದ ಹಿಂದಿನ ದಿನ ದೇವರ ಸಾಮಾನನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುವ ಮನೆಯಿಂದ ಬಂದವನು ನಾನು. ಮರಕ್ಕೆ ಹುಣಸೆಹಣ್ಣು ಹಾಕಬಾರದು ಅನ್ನುವಷ್ಟು ಬುದ್ಧಿ ಇತ್ತು. ಒದ್ದೆ ಬಟ್ಟೆಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಒರೆಸಿದೆ. ಬಟ್ಟೆ ಮೊದಲು ಕಪ್ಪಾಯಿತು, ಖುಷಿಯಾಯಿತು. ಆಮೇಲೆ ಹೊನ್ನಿನ ಬಣ್ಣಕ್ಕೆ ತಿರುಗಿತು, ಕೈ ನಿಲ್ಲಲಿಲ್ಲ. ಆಮೇಲೆ ಕೆಂಪಗಾಯಿತು. ಕೊನೆಗೆ ಬಿಳಿ ಜೇಡಿಯ ಕೆಸರು. ಮೂರ್ತಿಯ ಎಡಗೆನ್ನೆಯಲ್ಲಿ ಬರಿ ಮರ ಕಂಡಾಗ ಕೈ ನಿಂತಿತು.

ಆ ಬಟ್ಟೆಯೇ ನನ್ನ ಮೊದಲ ಪಠ್ಯಪುಸ್ತಕ. ಇಂಥ ಮೂರ್ತಿಗಳಲ್ಲಿ ಮರದ ಮೇಲೆ ನೇರ ಬಣ್ಣ ಬಳಿಯುವುದಿಲ್ಲ. ಮೊದಲು ಪ್ರಾಣಿಯ ಚರ್ಮ ಮೂಳೆ ಕುದಿಸಿ ತೆಗೆದ ಅಂಟಿನಲ್ಲಿ ಕಲಸಿದ ಜೇಡಿಯ ಪದರ, ಅದರ ಮೇಲೆ ಕೆಂಪು, ಅದರ ಮೇಲೆ ಅರಗಿನಂಥ ಮೆರುಗೆಣ್ಣೆ, ಅದರ ಮೇಲೆ ಚಿನ್ನದ ರೇಕು. ಆ ಅಂಟು ನೀರು ತಾಗಿದರೆ ಕರಗುತ್ತದೆ. ತಳ ಕರಗಿದರೆ ಮೇಲಿನದೆಲ್ಲ ಕುಸಿಯುತ್ತದೆ.

ಇನ್ನು ಮಸಿಯ ಮಾತು. ಅದು ಹತ್ತಾರು ವರ್ಷ ಯಾರೋ ಬೆಳಗ್ಗೆ ಸಂಜೆ ಹಚ್ಚಿದ ಊದುಬತ್ತಿಯ ಹೊಗೆ. ತೈವಾನಿನ ಬೇಗಾಂಗ್‌ನ ಚಾವೊಟಿಯನ್ ಗುಡಿಯಲ್ಲಿ ಸಮುದ್ರದೇವತೆ ಮಾಝು ಹೊಗೆ ಹಿಡಿದು ‘ಕರಿಮೊಗದ ಮಾಝು’ ಆಗಿದ್ದಾಳೆ. ಜನ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇಲ್ಲಿ ತೆಲೋಕ್ ಆಯರ್ ಬೀದಿಯ ಥಿಯಾನ್ ಹಾಕ್ ಕೆಂಗ್ ಗುಡಿಗೆ 1840ರಲ್ಲಿ ಚೀನಾದಿಂದ ಮಾಝು ಬಂದಾಗ ಸಮುದ್ರ ಆ ಬೀದಿಯವರೆಗೂ ಇತ್ತು. ಹಡಗಿಳಿದವರು ಮೊದಲು ಅಲ್ಲಿ ಊದುಬತ್ತಿ ಹಚ್ಚಿ ಆಮೇಲೆ ಕೂಲಿ ಹುಡುಕುತ್ತಿದ್ದರು. ಅಂಥ ಕೃತಜ್ಞತೆಯ ಹೊಗೆಯನ್ನು ನಾನು ಪಾತ್ರೆ ಸೋಪಿನಲ್ಲಿ ತೊಳೆದೆ. ಈಗ ಮೇಕೆಕೂದಲಿನ ಮೆತ್ತನೆ ಕುಂಚದಿಂದ ಒಣ ಧೂಳು ಮಾತ್ರ ಕೊಡವುತ್ತೇನೆ. ನನ್ನ ಶುಚಿತ್ವ ಅಷ್ಟಕ್ಕೇ ನಿಂತಿದೆ.

3. ಹುಳುವಿಗೆ ಸಾಲು ಹಿಡಿಯಲು ಬರುವುದಿಲ್ಲ

ಇದು ನನ್ನ ಅತಿ ದೊಡ್ಡ ಅವಮಾನ. ನಾಲ್ಕನೆಯ ಮೂರ್ತಿ ಕೆಂಪು ಮುಖದ ಸೇನಾಪತಿ ಗುವಾನ್ ಯು. ಮೇಲ್ತುಟಿಯ ಮೇಲೆ, ಗಲ್ಲದ ಸುತ್ತ, ಕಿವಿಯ ಮುಂದೆ ಸಣ್ಣ ಸಣ್ಣ ತೂತುಗಳು, ಎಣಿಸಿದರೆ 17. “ಅಯ್ಯೋ, ಕುಟ್ಟೆ ಹಿಡಿದಿದೆ” ಅಂದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಓಡಿದೆ. ಅಲ್ಲಿದ್ದ ಅತ್ಯಂತ ಗಟ್ಟಿ ಮರದ ಪುಟ್ಟಿ ತಂದು ಒಂದೊಂದೇ ತೂತಿಗೆ ಒತ್ತಿ ತುಂಬಿದೆ, ಮರಳು ಕಾಗದದಲ್ಲಿ ತಿಕ್ಕಿ ನಯ ಮಾಡಿದೆ, ಕೆಂಪು ಬಣ್ಣವನ್ನೂ ಹೊಂದಿಸಿದೆ. ಹೆಂಡತಿಯನ್ನು ಕರೆದು ತೋರಿಸಿದೆ. “ಚೆನ್ನಾಗಿದೆ, ಈಗ ಸ್ವಲ್ಪ ಚಿಕ್ಕವನ ಹಾಗೆ ಕಾಣುತ್ತಾನೆ” ಅಂದಳು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಕೆತ್ತುವ ಕೆಲಸ ಬಲ್ಲ ಮುದುಕರೊಬ್ಬರಿಗೆ ಅದನ್ನು ತೋರಿಸಿದೆ. ಸಿಂಗಪುರದಲ್ಲಿ ಆ ಕಸುಬಿನವರು ಈಗ ಬೆರಳೆಣಿಕೆಯಷ್ಟೇ. 1896ರಿಂದ ನಡೆದುಬಂದ, ನೀಲ್ ರೋಡಿನ ಸೇ ತಿಯಾನ್ ಹಾಂಗ್ ಅಂಗಡಿಯ ಹೆಸರು ಬಿಟ್ಟರೆ ಮತ್ತೊಂದು ನನ್ನ ಬಾಯಿಗೆ ಬರುವುದಿಲ್ಲ. ಈ ಮುದುಕರು ಅಂಗಡಿ ಮುಚ್ಚಿ ಮನೆಯಲ್ಲಿದ್ದವರು. ಮೂರ್ತಿಯನ್ನು ಕೈಗೆ ತೆಗೆದುಕೊಂಡು, ಗಲ್ಲ ಸವರಿ, ನನ್ನ ಮುಖ ನೋಡಿ, “ನೀನು ಸೇನಾಪತಿಗೆ ಕ್ಷೌರ ಮಾಡಿದೆಯಪ್ಪ” ಅಂದರು.

ಆ ತೂತುಗಳು ಗಡ್ಡದವು. ನಿಜವಾದ ಕೂದಲಿನ ಎಳೆಗಳನ್ನು ಕಟ್ಟು ಮಾಡಿ ಅವುಗಳಲ್ಲಿ ನಾಟುತ್ತಿದ್ದರು. ಕಾಲಾಂತರದಲ್ಲಿ ಕೂದಲು ಉದುರಿ ತೂತು ಮಾತ್ರ ಉಳಿದಿತ್ತು. ಗುವಾನ್ ಯುಗೆ ‘ಸುಂದರ ಗಡ್ಡದ ಒಡೆಯ’ ಅಂತಲೇ ಒಂದು ಹೆಸರಿದೆ. ಅಂಥವನ ಗಡ್ಡದ ಬುಡಕ್ಕೇ ನಾನು ಸಿಮೆಂಟು ಹಾಕಿದ್ದೆ. ಹುಳು ಕೊರೆದ ತೂತು ಎಲ್ಲೆಂದರಲ್ಲಿ, ಓರೆಕೋರೆಯಾಗಿ ಹೋಗುತ್ತದೆ, ಅಂಚು ಪುಡಿಪುಡಿ. ಗಡ್ಡದ ತೂತು ಸಮ ಅಂತರದಲ್ಲಿ, ಬಲಕ್ಕೊಂದು ಇದ್ದರೆ ಎಡಕ್ಕೂ ಒಂದು. ಇಷ್ಟು ಶಿಸ್ತು ಯಾವ ಹುಳುವಿಗೂ ಇಲ್ಲ.

4. ಸೊಟ್ಟ ಕಂಡದ್ದೆಲ್ಲ ಶಿಲ್ಪಿಯ ತಪ್ಪಲ್ಲ

ಎಳೆ ಮುಖದ ಒಂದು ಮೂರ್ತಿ. ಒಂದು ಕಾಲು ಮಡಚಿದೆ, ಇನ್ನೊಂದು ಕೆಳಗೆ ಇಳಿಬಿದ್ದಿದೆ. ಪದ್ಮಾಸನ ಹಾಕಿಸಲು ಹೋಗಿ ಮರ ಸಾಲದೆ ಬಿಟ್ಟಿರಬೇಕು ಅಂತ ನಾನು ತೀರ್ಪು ಕೊಟ್ಟೆ. ಸಾಗರದವನಲ್ಲವೇ! ಬಂದವರಿಗೆಲ್ಲ ‘ಕಲಿಯುವವನ ಕೆಲಸ’ ಅಂತ ವಿವರಿಸುತ್ತಲೂ ಇದ್ದೆ.

ಒಂದು ಭಾನುವಾರ ಮೊಹಮದ್ ಸುಲ್ತಾನ್ ರೋಡಿನ ಹಾಂಗ್ ಸಾನ್ ಸೀ ಗುಡಿಗೆ ಹೋದೆ. ಫುಜಿಯಾನ್ ಪ್ರಾಂತದ ನಾನ್‌ಆನ್ ಕಡೆಯಿಂದ ಬಂದವರು ಕಟ್ಟಿದ್ದು. ಅದರ ಜೀರ್ಣೋದ್ಧಾರಕ್ಕೆ 2010ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂದಿದೆ. ಒಳಗೆ ಹೋಗಿ ನೋಡಿದರೆ ನಡು ಪೀಠದಲ್ಲಿ ನನ್ನ ‘ಕಲಿಯುವವನ ಕೆಲಸ’ವೇ ಕೂತಿದೆ, ಅದೇ ಇಳಿಬಿದ್ದ ಕಾಲು. ಅವನು ಗುವಾಂಗ್‌ಝೆ ಝುನ್‌ವಾಂಗ್. ದನ ಮೇಯಿಸುತ್ತಿದ್ದ ಬಡ ಹುಡುಗ, ಧ್ಯಾನಕ್ಕೆ ಕೂತಲ್ಲೇ ಪ್ರಾಣ ಬಿಟ್ಟು ದೇವರಾಗುತ್ತಿದ್ದಾಗ ತಾಯಿ ಓಡಿಬಂದು ಕಾಲು ಹಿಡಿದು ಎಳೆದಳಂತೆ. ಆ ಕಾಲು ಹಾಗೇ ಇಳಿದು ನಿಂತಿತು. ತಾಯಿಯೊಬ್ಬಳು ಎಳೆದ ಕಾಲನ್ನು ನಾನು ಕಳಪೆ ಕೆಲಸ ಅಂದಿದ್ದೆ. ಗುಡಿಯಿಂದ ಹೊರಬಂದು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ, ಬಿಸಿಲಿಗೆ ಅಂತ ಹೇಳಿಕೊಂಡೆ.

5. ಹೆಸರು ಕೇಳಿದರೆ ನೆಂಟಸ್ತನ ಹೊರಡಬಹುದು

‘ಬಾಲಬುದ್ಧ’ ಅಂತ ಮಾರಿದವನು ಹೇಳಿದ್ದ. ಎರಡು ಜುಟ್ಟು, ಕೈಯಲ್ಲಿ ಬಳೆಯಂಥ ಆಯುಧ, ಕಾಲ ಕೆಳಗೆ ಬೆಂಕಿಯ ಚಕ್ರ. ಬುದ್ಧನಿಗೆ ಇದೆಲ್ಲ ಯಾಕೆ ಅಂತ ಎರಡು ವರ್ಷ ನಾನು ಕೇಳಿಕೊಳ್ಳಲೇ ಇಲ್ಲ. ಅವನು ನೆಝಾ, ಚೀನೀ ಮಕ್ಕಳೆಲ್ಲ ಬಲ್ಲ ತುಂಟ ದೇವರು. ಆಮೇಲೆ ಮೈರ್ ಶಹರ್ ಎಂಬ ವಿದ್ವಾಂಸ 2015ರಲ್ಲಿ ಪ್ರಕಟಿಸಿದ ಪುಸ್ತಕದಿಂದ ತಿಳಿದದ್ದು: ಈ ನೆಝಾನ ಹೆಸರಿನ ಮೂಲ ನಮ್ಮ ನಳಕೂಬರ. ಕುಬೇರನ ಮಗ, ಬೌದ್ಧ ತಂತ್ರಗ್ರಂಥಗಳ ಜೊತೆ ಚೀನಾಕ್ಕೆ ಹೋದವನು.

ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. “ನಾರದರ ಶಾಪದಿಂದ ಮತ್ತಿಮರ ಆಗಿದ್ದನಲ್ಲ, ಕೃಷ್ಣ ಒರಳು ಎಳೆದು ಬಿಡಿಸಿದ, ಅವನಾ?” ಅಂದಳು. ಹೌದು ಅಂದೆ. “ಅಯ್ಯೋ ಪಾಪ, ಅಷ್ಟು ದೂರ ಹೋಗಿ ಮತ್ತೆ ಮರಕ್ಕೇ ಸಿಕ್ಕಿಕೊಂಡನಾ!”

6. ಹುಲಿಯ ಜಾಗ ನೆಲದಲ್ಲಿ

ಬೆಕ್ಕಿನಷ್ಟು ಪುಟ್ಟ ಹುಲಿದೇವರನ್ನು ಚೆಂದ ಕಾಣಲಿ ಅಂತ ಮೇಲಿನ ಹಲಗೆಯಲ್ಲಿ ಉಳಿದವರ ಪಕ್ಕ ಇಟ್ಟಿದ್ದೆ. ಪಕ್ಕದ ಮನೆಯ ಆಂಟಿ ಹಬ್ಬದ ಕಿತ್ತಳೆಹಣ್ಣು ಕೊಡಲು ಬಂದವರು ನೋಡಿ, “ಅವನನ್ನು ಇಳಿಸು” ಅಂದರು. ಹುಲಿಯ ಜಾಗ ಪೀಠದ ಅಡಿ, ನೆಲದ ಮೇಲೆ. ಅವನು ದೇವರ ವಾಹನ, ಕಾವಲುಗಾರ. ಇಳಿಸಿದೆ. ಮರುದಿನ ಆಂಟಿ ಬಂದು ಅವನ ಮುಂದೆ ಒಂದು ಮೊಟ್ಟೆ ಇಟ್ಟು ಹೋದರು.

7. ಬೆನ್ನಿನ ಮುಚ್ಚಳ ತೆಗೆಯಬೇಡಿ

ಇದನ್ನು ಬರೆಯಲು ಇಷ್ಟವಿಲ್ಲ, ಆದರೂ ಬರೆಯಬೇಕು.

ಹುನಾನ್ ಪ್ರಾಂತದ ಒಳನಾಡಿನಲ್ಲಿ ಮನೆಯೊಳಗೆ ಇಟ್ಟು ಪೂಜಿಸುವ ಸಣ್ಣ ಮೂರ್ತಿಗಳನ್ನು ಕೆತ್ತುತ್ತಿದ್ದರು. ಬೆನ್ನಿನಲ್ಲಿ ಒಂದು ಗೂಡು ಕೊರೆದು ಮರದ ಬಿಲ್ಲೆಯಿಂದ ಮುಚ್ಚಿರುತ್ತಾರೆ. ನನಗೆ ಸಿಕ್ಕಿದ್ದು ಕೈಮುಗಿದು ಕೂತ ಹೆಂಗಸು. ತಳದಲ್ಲಿ ಮಸಿಯಿಂದ ಬರೆದ ಎರಡೇ ಅಕ್ಷರ: ಜಿಯಾ, ಝಿ. ಅದು ಅರವತ್ತು ವರ್ಷದ ಚಕ್ರದ ಮೊದಲ ವರ್ಷದ ಹೆಸರು. ಮಾರಿದವನು “1864” ಅಂದ. ಒಪ್ಪಿಕೊಂಡೆ. ನಮ್ಮ ಪಂಚಾಂಗದಲ್ಲಿ ಬರೇ ‘ರಕ್ತಾಕ್ಷಿ ಸಂವತ್ಸರ’ ಅಂತ ಬರೆದಿದ್ದರೆ ಅದು 1864 ಆಗಬಹುದು, 1924 ಆಗಬಹುದು, 1984 ಕೂಡ ಆಗಬಹುದು. ಇಷ್ಟು ಯೋಚಿಸಲು ಚೀನೀ ಭಾಷೆ ಬರಬೇಕಿಲ್ಲ.

ಬೆನ್ನಿನ ಗೂಡಿನಲ್ಲಿ ಕಾಗದ ಇರುತ್ತದೆ ಅಂತ ಎಲ್ಲೋ ಓದಿದ್ದೆ. ಒಂದು ರಾತ್ರಿ ತಡೆಯಲಾಗಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿ, ಸ್ಕ್ರೂಡ್ರೈವರಿನಿಂದ ಬಿಲ್ಲೆಯನ್ನು ಮೀಟಿದೆ. ಬಿಲ್ಲೆ ಎರಡು ಹೋಳಾಗಿ ಬಂತು. ಒಳಗೆ ಮಡಚಿ ತುರುಕಿದ ಕಾಗದ, ಬಣ್ಣ ಮಾಸಿದ ದಾರ, ಬತ್ತದ ಕೆಲವು ಕಾಳು, ಒಣಗಿದ ಬೇರಿನ ಚೂರು, ಒಂದು ತಾಮ್ರದ ನಾಣ್ಯ. ಮೂಲೆಯಲ್ಲಿ ಯಾವುದೋ ಕೀಟದ ರೆಕ್ಕೆ ಇತ್ತು. ನಾನು ಬಗ್ಗಿ ನೋಡುವಾಗ ಉಸಿರು ತಾಗಿ ಹಾರಿಹೋಯಿತು. ಎಲ್ಲಿ ಬಿತ್ತೋ, ಸಿಗಲಿಲ್ಲ. ಕಾಗದ ಬಿಡಿಸುವಾಗ ಮಡಿಕೆಯಲ್ಲೇ ಹರಿಯಿತು.

ಆಫೀಸಿನ ಗೆಳೆಯನೊಬ್ಬನ ತಾಯಿ ಓದಿ ಹೇಳಿದರು. ಇಂಥ ಕಾಗದದಲ್ಲಿ ಮನೆ ಯಾವ ಊರಿನದು, ಯಾರು ಯಾರು ಇದ್ದಾರೆ, ಯಾಕೆ ಮೂರ್ತಿ ಮಾಡಿಸಿದರು, ಯಾವ ದಿನ ಪ್ರತಿಷ್ಠೆ ಎಲ್ಲ ಬರೆದಿರುತ್ತಾರೆ. ಫ್ರಾನ್ಸಿನ ಅಲ್ಯಾಂ ಅರೋ ಮುಂತಾದವರು ಇಂಥ ಸಾವಿರಾರು ಮೂರ್ತಿಗಳನ್ನು ಕಾಗದದ ಸಮೇತ ದಾಖಲಿಸಿ ಆ ಭಾಗದ ಮನೆಮನೆಯ ಚರಿತ್ರೆಯನ್ನೇ ಹೊರತೆಗೆದಿದ್ದಾರೆ. ನನ್ನ ಕಾಗದದಲ್ಲಿ ‘ಗಣರಾಜ್ಯದ 13ನೇ ವರ್ಷ’ ಅಂತ ಸ್ಪಷ್ಟವಾಗಿತ್ತು, ಅಂದರೆ 1924. ಅರವತ್ತು ವರ್ಷ ಒಂದೇ ಏಟಿಗೆ ಹೋಯಿತು. ಅದು ದೊಡ್ಡ ಮಾತಲ್ಲ. ಓದುತ್ತಿದ್ದ ತಾಯಿ ನಡುವೆ ನಿಲ್ಲಿಸಿ ಕನ್ನಡಕ ತೆಗೆದರು. “ಇದು ದೇವತೆಯಲ್ಲ. ಮಕ್ಕಳು ತೀರಿಹೋದ ತಾಯಿಯನ್ನು ಕೂರಿಸಿದ್ದಾರೆ. ಇದು ಯಾರದೋ ಅಜ್ಜಿ. ನಿನ್ನ ಹತ್ತಿರ ಹೇಗೆ ಬಂತು?”

ಹುನಾನ್ ಮೂರ್ತಿಗಳಲ್ಲಿ ದೇವರಲ್ಲದೆ ಪುರೋಹಿತರು, ಮನೆಯ ಹಿರಿಯರು ಕೂಡ ಇರುತ್ತಾರೆ ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಹರಿದದ್ದು ಮಕ್ಕಳಲ್ಲೊಬ್ಬನ ಹೆಸರಿನ ಮೇಲೆ. ಅವರು ಮುಂದೆ ಓದಲಿಲ್ಲ, ಕಾಗದ ಮಡಚಿ ಕೈಗೆ ಕೊಟ್ಟು, ಇದ್ದಲ್ಲೇ ಇಡು ಅಂದರು. ಎಲ್ಲವನ್ನೂ ಮತ್ತೆ ಇಟ್ಟೆ. ಯಾವುದು ಮೇಲೆ ಇತ್ತು, ಯಾವುದು ಕೆಳಗೆ ಅನ್ನುವುದು ನೆನಪಿರಲಿಲ್ಲ. ಒಂದು ಫೋಟೋ ಕೂಡ ತೆಗೆದಿರಲಿಲ್ಲ.

ಮೂರ್ತಿಯ ಪ್ರತಿಷ್ಠೆ ಮಾಡುವಾಗ ಒಳಗೆ ಇವೆಲ್ಲವನ್ನೂ ತುಂಬಿದ ಮೇಲೆ ಸಿಂಧೂರ ಅದ್ದಿದ ಕುಂಚದಿಂದ ಕಣ್ಣು ಬರೆಯುತ್ತಾರೆ, ಹುಂಜದ ಜುಟ್ಟಿನ ರಕ್ತ ತಾಗಿಸುತ್ತಾರೆ. ತೈವಾನಿನಲ್ಲಿ ಬದುಕಿರುವ ಕಣಜವನ್ನೇ ಒಳಗಿಟ್ಟು ಮುಚ್ಚುವುದುಂಟು, ಅದರ ಕಸುವು ಮೂರ್ತಿಗೆ ಬರಲಿ ಅಂತ. ದುರಸ್ತಿ ಮಾಡಬೇಕಾದರೆ ಮೊದಲು ದೇವರನ್ನು ಗೌರವದಿಂದ ಹೊರಗೆ ಕಳಿಸುವ ಶಾಸ್ತ್ರವಿದೆ. ಅರ್ಧಚಂದ್ರದಂಥ ಎರಡು ಮರದ ತುಂಡು ಬಿಸಾಡಿ ಅನುಮತಿ ಕೇಳುತ್ತಾರೆ. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಒಪ್ಪಿಗೆ. ನಮ್ಮಲ್ಲಿ ದೇವರ ಹತ್ತಿರ ಹೂಪ್ರಸಾದ ಕೇಳುವ ಹಾಗೇ. ನಾನು ಸ್ಕ್ರೂಡ್ರೈವರ್ ಹತ್ತಿರವೂ ಕೇಳಲಿಲ್ಲ.

8. ಬಿರುಕಿನ ಒಳಗೆ ಬಣ್ಣ ಇದ್ದರೆ ಎದ್ದು ಬನ್ನಿ

900 ಸಿಂಗಪುರ ಡಾಲರ್ ಕೊಟ್ಟು ‘ಚಿಂಗ್ ಅರಸರ ಕಾಲದ್ದು’ ಅಂತ ಒಂದನ್ನು ತಂದೆ. ಎದೆಯಿಂದ ಮಂಡಿಯವರೆಗೆ ಗಂಭೀರವಾದ ಬಿರುಕು. ತಿಂಗಳ ಮೇಲೆ ಅದೇ ಅಂಗಡಿಯಲ್ಲಿ ಇನ್ನೊಂದು ಮೂರ್ತಿ, ಅದೇ ಜಾಗದಲ್ಲಿ ಅದೇ ಬಿರುಕು. ಹಳೆಯ ಮರ ಒಡೆದರೆ ಬಣ್ಣವೂ ಜೊತೆಗೆ ಒಡೆಯುತ್ತದೆ, ಒಳಗೆ ಬರಿ ಮರ. ನನ್ನದರಲ್ಲಿ ಬಿರುಕಿನ ಒಳಗೂ ಚಿನ್ನದ ಬಣ್ಣ ಇಳಿದಿತ್ತು. ಬಿರುಕು ಕೆತ್ತಿದ ಮೇಲೆ ಬಣ್ಣ ಹಾಕಿದ್ದಾರೆ. ಮೂಸಿ ನೋಡಿದರೆ ಚಹಾದ ಕಷಾಯದ ವಾಸನೆ. ಅದನ್ನು ಈಗಲೂ ಟಿವಿ ಪಕ್ಕದಲ್ಲಿಟ್ಟಿದ್ದೇನೆ. 900 ಡಾಲರಿನ ಶಾಲಾ ಫೀಸು.

9. ಕರ್ಪೂರದ ಮರಕ್ಕೂ ಹುಳು ಬೀಳುತ್ತದೆ

ಫುಜಿಯಾನ್, ತೈವಾನ್ ಕಡೆ ಕೆತ್ತಲು ಕರ್ಪೂರದ ಮರ ಬಳಸುವುದು ಹೆಚ್ಚು. ಆ ವಾಸನೆಗೆ ಹುಳು ಬರುವುದಿಲ್ಲ ಅಂತ ನಂಬಿ ಕೂತಿದ್ದೆ. ನೂರು ವರ್ಷದಲ್ಲಿ ವಾಸನೆ ಎಷ್ಟು ಉಳಿದಿರುತ್ತದೆ? ಒಂದು ಬೆಳಗ್ಗೆ ಹಲಗೆಯ ಮೇಲೆ ಗೋಧಿಹಿಟ್ಟಿನಂಥ ಪುಡಿ. ಒರೆಸಿದೆ. ಮರುದಿನ ಮತ್ತೆ. ಗಾಬರಿಯಿಂದ ಬಿಸಿಲಿಗಿಟ್ಟೆ, ಆಮೇಲೆ ತಂದು ಏಸಿಯ ಎದುರಿಗಿಟ್ಟೆ. ಹುಳು ಸಾಯಲಿಲ್ಲ, ಬಣ್ಣ ಮಾತ್ರ ಹಪ್ಪಳದ ಹಾಗೆ ಎದ್ದು ಬಂತು. ಸಿಂಗಪುರದ ತೇವಕ್ಕೆ ಉಬ್ಬಿ ಕೂತ ಮರವನ್ನು ಒಮ್ಮೆಲೇ ಒಣಗಿಸಿದರೆ ಮರ ಕುಗ್ಗುತ್ತದೆ, ಮೇಲಿನ ಜೇಡಿ ಕುಗ್ಗುವುದಿಲ್ಲ. ಈಗ ಪುಡಿ ಕಂಡರೆ ಗಾಳಿಯಾಡದ ಚೀಲದಲ್ಲಿ ಆಮ್ಲಜನಕ ಹೀರುವ ಪುಡಿಯ ಪೊಟ್ಟಣಗಳ ಜೊತೆ ಮೂರು ನಾಲ್ಕು ವಾರ ಮುಚ್ಚಿಡುತ್ತೇನೆ. ಏಸಿ ಇರುವ ಕೋಣೆಯಲ್ಲಿ ನಾವು ಮಲಗುತ್ತೇವೆ, ದೇವರುಗಳು ಹಜಾರದಲ್ಲಿ ಫ್ಯಾನಿನ ಕೆಳಗೆ.

10. ‘ಎಲ್ಲಿಂದ ಬಂತು’ ಅಂತ ಮೊದಲೇ ಕೇಳಿ

ಗೆಳೆಯನ ತಾಯಿ ಕೇಳಿದ ಪ್ರಶ್ನೆ ಇದು. ಮೊದಲ ವರ್ಷಗಳಲ್ಲಿ ನಾನು ಇದನ್ನು ಯಾರನ್ನೂ ಕೇಳಲಿಲ್ಲ. ಉತ್ತರ ಬೇಕಿರಲಿಲ್ಲ, ಮೂರ್ತಿ ಬೇಕಿತ್ತು. 1966ರಿಂದ ಶುರುವಾದ ಸಾಂಸ್ಕೃತಿಕ ಕ್ರಾಂತಿಯಲ್ಲಿ ಇಂಥವನ್ನು ರಾಶಿ ಹಾಕಿ ಸುಟ್ಟರು. ಬಚ್ಚಿಟ್ಟು ಉಳಿಸಿಕೊಂಡವು ಆಮೇಲೆ ವ್ಯಾಪಾರಿಗಳ ಕೈ ಸೇರಿದವು. 1911ಕ್ಕಿಂತ ಹಿಂದಿನ ಯಾವ ಪ್ರಾಚೀನ ವಸ್ತುವನ್ನೂ ಹೊರಗೆ ಒಯ್ಯಬಾರದೆಂದು ಚೀನಾ 2007ರಲ್ಲಿ ನಿಯಮ ಮಾಡಿತು, ಸರಿಯಾಗಿ ನಾನು ಮೊದಲ ಮೂರ್ತಿ ತಂದ ವರ್ಷ. ಫುಜಿಯಾನಿನ ಯಾಂಗ್‌ಚುನ್ ಹಳ್ಳಿಯ ಗುಡಿಯಿಂದ 1995ರಲ್ಲಿ ಕಳುವಾದ ಝಾಂಗ್‌ಗೊಂಗ್ ಮೂರ್ತಿಯ ಕಥೆ ಕೇಳಿದ್ದೀರೋ ಇಲ್ಲವೋ. ಒಳಗೆ ಸುಮಾರು ಸಾವಿರ ವರ್ಷದ ಹಿಂದಿನ ಭಿಕ್ಷುವಿನ ದೇಹವೇ ಇರುವ ಮೂರ್ತಿ. 2015ರಲ್ಲಿ ಬುಡಾಪೆಸ್ಟಿನ ಪ್ರದರ್ಶನದಲ್ಲಿ ಅದು ಇರುವ ಸುದ್ದಿ ತಿಳಿದು ಊರವರು ಗುರುತು ಹಿಡಿದರು. ಅದನ್ನು ಇಟ್ಟುಕೊಂಡಿದ್ದ ಡಚ್ ಸಂಗ್ರಾಹಕನ ಮೇಲೆ ಅವರು ಹೂಡಿದ ದಾವೆಯನ್ನು 2018ರಲ್ಲಿ ಡಚ್ ನ್ಯಾಯಾಲಯ ವಜಾ ಮಾಡಿತು, 2020ರಲ್ಲಿ ಚೀನಾದ ನ್ಯಾಯಾಲಯ ಹಿಂತಿರುಗಿಸಿ ಎಂದು ತೀರ್ಪು ಕೊಟ್ಟಿತು.

ಎಲ್ಲವೂ ಕದ್ದದ್ದೇ ಅಂತಲ್ಲ, ಜನ ತಾವಾಗಿ ಬಿಟ್ಟುಹೋದವೂ ಇವೆ. ತೈವಾನಿನಲ್ಲಿ 1980ರ ದಶಕದಲ್ಲಿ ನಮ್ಮ ಓಸಿ ಮಟ್ಕಾದಂಥ ನಂಬರಿನ ಆಟದ ಹುಚ್ಚು ಹತ್ತಿತ್ತು. ನಂಬರು ಹೇಳು ಅಂತ ದೇವರನ್ನು ಕಾಡಿ, ಹೊಡೆಯದಿದ್ದರೆ ಮೂರ್ತಿಯ ಕೈ ತಲೆ ಕಡಿದು ಹೊಳೆಗೆ ಎಸೆಯುತ್ತಿದ್ದರು. ಅಂಥವನ್ನು ‘ಕಷ್ಟಕ್ಕೆ ಸಿಕ್ಕ ದೇವರು’ ಅಂತ ಕರೆದು ಕೆಲವು ಗುಡಿಗಳು ಇಟ್ಟುಕೊಂಡು ಸಾಕಿದವು. ಇಲ್ಲೂ ಮಕ್ಕಳು ಧರ್ಮ ಬದಲಿಸಿದಾಗ, ಮನೆ ಖಾಲಿ ಮಾಡುವಾಗ, ಮರದ ಬುಡದಲ್ಲಿ ಇಟ್ಟು ಹೋಗುತ್ತಾರೆ. ನನ್ನ 23ರಲ್ಲಿ 5 ಅಂಥವು. 12ಕ್ಕೆ ಕಾಗದಪತ್ರ ಇದೆ. ಉಳಿದ 6ಕ್ಕೆ ನನ್ನ ಬಳಿ ಉತ್ತರವಿಲ್ಲ. ಅಜ್ಜಿ ಆ ಆರರಲ್ಲಿ ಒಬ್ಬಳು.

11. ಪುಟ್ಟಿ ತುಂಬಲು ಒಂದು ಸಂಜೆ ಸಾಕು

ತೆಗೆಯಲು ನಾಲ್ಕನೇ ವರ್ಷ ನಡೆಯುತ್ತಿದೆ. ಹೊಲಿಗೆ ಸೂಜಿ, ಗಡಿಯಾರ ರಿಪೇರಿಯವರ ಕಣ್ಣುಗಾಜು, ಭಾನುವಾರ ಮಧ್ಯಾಹ್ನ ಒಂದು ಗಂಟೆ. ಮರಳಿನ ಕಾಳಿನಷ್ಟು ಪುಟ್ಟಿ ಬಂದರೆ ಆ ದಿನ ಒಳ್ಳೆಯ ದಿನ. ಕೈ ಜಾರಿದರೆ ತೂತಿನ ಅಂಚು ಹೋಗುತ್ತದೆ, ಎರಡು ಕಡೆ ಹಾಗೇ ಹೋಗಿದೆ. ಕೆತ್ತುವ ಮುದುಕರು ಕುದುರೆಬಾಲದ ಕೂದಲಿನ ಒಂದು ಕಟ್ಟು ಕೊಟ್ಟಿದ್ದಾರೆ, “ಮುಗಿದ ಮೇಲೆ ಬಾ, ನಾಟುವುದನ್ನು ಹೇಳಿಕೊಡುತ್ತೇನೆ” ಅಂದಿದ್ದಾರೆ. ಅವರಿಗೆ ಈಗ 84. ಹದಿನೇಳರಲ್ಲಿ ಹದಿಮೂರು ತೂತು ಬಿಡಿಸಿದ್ದೇನೆ, ನಾಲ್ಕು ಬಾಕಿ.